ಒಂದು ಗಂಟೆ ದೂರದ ದುರ್ಗದಲ್ಲಿ ಒಂದು ರಾತ್ರಿ: ಒಬ್ಬರೇ ಹೋಗಿಬರುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ಯಾರನ್ನಾದರೂ ಕೇಳಿ, ಚಿತ್ರದುರ್ಗದ ಕೋಟೆ ನೋಡಿದ್ದೀರಾ ಅಂತ. "ಅಯ್ಯೋ, ಐದನೇ ಕ್ಲಾಸಲ್ಲೇ ನೋಡಿದ್ದೀನಿ" ಅನ್ನುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ಸಾಲಾಗಿ ನಿಲ್ಲಿಸಿ ಓಬವ್ವನ ಕಿಂಡಿ ತೋರಿಸಿದರು, ಮರದ ಕೆಳಗೆ ಕೂರಿಸಿ ಚಿತ್ರಾನ್ನ ಕೊಟ್ಟರು, ಸಂಜೆಯೊಳಗೆ ಬಸ್ ಹತ್ತಿಸಿದರು. ಆಮೇಲೆ ಇಪ್ಪತ್ತು ವರ್ಷ ಬೆಂಗಳೂರಿಗೆ ಹೋಗುವಾಗೆಲ್ಲ ಆ ಬಂಡೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ಇಳಿಯಲೇ ಇಲ್ಲ.

ಕೆಲವು ವರ್ಷದ ಹಿಂದೆ ಒಂದು ಶನಿವಾರ ಒಬ್ಬಳೇ ಇಳಿದೆ. ರಾತ್ರಿ ಅಲ್ಲೇ ಉಳಿದೆ. ಭಾನುವಾರ ಬೆಳಿಗ್ಗೆ ಮತ್ತೆ ಕೋಟೆ ಹತ್ತಿದಾಗ ಸುತ್ತ ಯಾರೂ ಇರಲಿಲ್ಲ. ಬಂಡೆ ತಣ್ಣಗಿತ್ತು. ಅವತ್ತೇ ಗೊತ್ತಾಯಿತು, ನಾನು ಈ ಊರು ನೋಡಿರಲೇ ಇಲ್ಲ ಅಂತ. ಆಮೇಲೆ ಇನ್ನೂ ನಾಲ್ಕು ಸಲ ಹೋಗಿದ್ದೇನೆ. ಪ್ರತಿ ಸಲವೂ ಒಬ್ಬಳೇ, ಪ್ರತಿ ಸಲವೂ ಒಂದು ರಾತ್ರಿ ಉಳಿದು.

ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಆ ರಾತ್ರಿಯ ಬಗ್ಗೆಯೇ. "ಅರವತ್ತು ಕಿಲೋಮೀಟರ್ ಅಷ್ಟೇ, ಬೆಳಿಗ್ಗೆ ಹೋಗಿ ಸಂಜೆ ಬಂದರಾಯಿತು" ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೋದರೆ ನಿಮಗೆ ಸಿಗುವುದು ನಡುಮಧ್ಯಾಹ್ನದ ಕೋಟೆ. ಬಿಸಿಲು, ಜನ, ಅವಸರ. ಉಳಿದರೆ ಸಂಜೆಯ ಕೋಟೆ ಒಂದು, ಬೆಳಗಿನ ಕೋಟೆ ಇನ್ನೊಂದು, ಎರಡೂ ಸಿಗುತ್ತವೆ.

ಮೊದಲ ಹೆಜ್ಜೆ: ಯಾವ ವಾರ ಹೋಗುವುದು

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅದರಲ್ಲೂ ಹಿಂಗಾರು ಮಳೆ ಬಂದು ನಿಂತ ಮೇಲಿನ ವಾರಗಳು. ಆಗ ಕೋಟೆಯೊಳಗಿನ ಹೊಂಡಗಳಲ್ಲಿ ನೀರಿರುತ್ತದೆ. ನೀರಿಲ್ಲದ ಹೊಂಡ ನೋಡಿದರೆ ದುರ್ಗ ಅರ್ಧ ಮಾತ್ರ ಅರ್ಥವಾಗುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಾರ್ಚ್‌ನಿಂದ ಮೇವರೆಗೆ ದಯವಿಟ್ಟು ಬೇಡ. ಅಲ್ಲಿರುವುದೆಲ್ಲ ಬೋಳು ಬಂಡೆ. ಮೇಲಿನಿಂದ ಸೂರ್ಯ ಸುಡುತ್ತಾನೆ, ಕೆಳಗಿನಿಂದ ಕಲ್ಲು ಸುಡುತ್ತದೆ. ಮಳೆ ಸುರಿಯುವ ದಿನವೂ ಬೇಡ. ನೀರು ಬಿದ್ದ ಬಂಡೆ ಜಾರುತ್ತದೆ, ಒಬ್ಬರೇ ಹೋದಾಗ ಕಾಲು ಉಳುಕಿದರೆ ಕೈ ಕೊಡುವವರಿರುವುದಿಲ್ಲ.

ಮೂರು ದಿನ ಸಾಲು ರಜೆ ಬಂದ ವಾರ ಬಿಟ್ಟುಬಿಡಿ. ಬೆಂಗಳೂರಿನ ಕಾರುಗಳೆಲ್ಲ ಅಲ್ಲೇ ಇರುತ್ತವೆ, ರೂಮ್ ಸಿಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಜಾಸ್ತಿ. ಆದರೆ ಮಕ್ಕಳು ಬರುವುದು ಹತ್ತು ಗಂಟೆಯ ಮೇಲೆ. ನಾನು ಹೇಳುವ ಸಮಯಕ್ಕೆ ಹೋದರೆ ಅವರು ನಿಮಗೆ ಎದುರಾಗುವುದು ನೀವು ಇಳಿದು ಬರುವಾಗ.

ಎರಡನೇ ಹೆಜ್ಜೆ: ಮನೆಯಲ್ಲಿ ಹೇಳುವುದು

ಹೆಣ್ಣುಮಕ್ಕಳಿಗೆ ಇದು ಟಿಕೆಟ್‌ಗಿಂತ ದೊಡ್ಡ ಹೆಜ್ಜೆ. ನಮ್ಮವ್ವ ಕೇಳಿದ ಮೊದಲ ಪ್ರಶ್ನೆ, "ಯಾರ ಜೊತೆ?" ಯಾರೂ ಇಲ್ಲ ಅಂದಾಗ ಎರಡನೇ ಪ್ರಶ್ನೆ, "ಏನಾಯ್ತು ನಿಂಗೆ?" ಒಬ್ಬಳೇ ಹೊರಟಿದ್ದಾಳೆ ಅಂದರೆ ಏನೋ ಬೇಜಾರಾಗಿದೆ ಅಂತಲೇ ನಮ್ಮ ಕಡೆ ಅಂದುಕೊಳ್ಳುತ್ತಾರೆ.

ಸುಳ್ಳು ಹೇಳಿ ಹೋಗಬೇಡಿ. ಗೆಳತಿ ಜೊತೆ ಹೋಗುತ್ತೇನೆ ಅಂತ ಹೇಳಿ ಹೊರಟರೆ ಎರಡು ದಿನವೂ ಫೋನ್ ಬಂದಾಗೆಲ್ಲ ಎದೆ ಧಸಕ್ ಅನ್ನುತ್ತದೆ. ನಾನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಎಷ್ಟು ಗಂಟೆಯ ಬಸ್, ಲಾಡ್ಜ್ ಹೆಸರು, ಅಲ್ಲಿನ ಫೋನ್ ನಂಬರ್, ಭಾನುವಾರ ಎಷ್ಟಕ್ಕೆ ವಾಪಸ್. ದಿನಕ್ಕೆ ಮೂರು ಸಲ ಫೋನ್ ಮಾಡುತ್ತೇನೆ, ನಡುವೆ ನೀವು ಮಾಡಬೇಡಿ ಅಂತ ಮಾತಾಡಿಕೊಂಡೆ. ಅವ್ವ ಆ ಹಾಳೆಯನ್ನು ಕ್ಯಾಲೆಂಡರ್‌ಗೆ ಸಿಕ್ಕಿಸಿದಳು. ಈಗಲೂ ಪ್ರತಿ ಸಲ ಹಾಳೆ ಕೇಳಿ ಪಡೆಯುತ್ತಾಳೆ.

ಮೂರನೇ ಹೆಜ್ಜೆ: ರೂಮ್ ಮೊದಲೇ ಗೊತ್ತು ಮಾಡಿಕೊಳ್ಳುವುದು

ಮೊದಲ ಸಲ ನಾನು ಹಾಳೆಯಲ್ಲಿ ಲಾಡ್ಜ್ ಹೆಸರು ಬರೆದುಕೊಟ್ಟಿದ್ದೆ ಅಷ್ಟೇ, ರೂಮ್ ಹೋಗಿ ನೋಡಿಕೊಂಡರಾಯಿತು ಅಂತ ಹೊರಟಿದ್ದೆ. ಒಂದು ಲಾಡ್ಜಿನ ಕೌಂಟರ್‌ನಲ್ಲಿದ್ದವರು ನನ್ನ ಮುಖ ನೋಡಿ, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡಿ, "ಸಿಂಗಲ್ ಲೇಡೀಸ್‌ಗೆ ಕೊಡಲ್ಲ" ಅಂದರು. ಆಧಾರ್ ತೋರಿಸಿದರೂ ಕೇಳಲಿಲ್ಲ. ಬ್ಯಾಗ್ ಹಿಡಿದುಕೊಂಡು ರಸ್ತೆಯಲ್ಲಿ ನಿಂತಾಗ ಅಳು ಬರುವ ಹಾಗಾಗಿತ್ತು. ಮೂರನೇ ಕಡೆ ಕೇಳಿದಾಗ ರೂಮ್ ಸಿಕ್ಕಿತು, ಒಳ್ಳೆಯ ರೂಮೇ ಸಿಕ್ಕಿತು. ಆದರೆ ಅಷ್ಟರಲ್ಲಿ ಅರ್ಧ ದಿನದ ಹುರುಪು ಹೋಗಿತ್ತು.

ಅದಕ್ಕೇ ಮೊದಲೇ ಫೋನ್ ಮಾಡಿ. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೂ ಫೋನ್ ಮಾಡಿ. ನೇರವಾಗಿ ಕೇಳಿ: "ನಾನೊಬ್ಬಳೇ ಬರ್ತಿದ್ದೀನಿ, ಒಂದು ರಾತ್ರಿಗೆ ರೂಮ್ ಕೊಡ್ತೀರಾ?" ಕೊಡುತ್ತೇವೆ ಅಂದವರ ಹೆಸರು ಬರೆದಿಟ್ಟುಕೊಳ್ಳಿ. ಕೋಟೆಯ ಹತ್ತಿರ ಪ್ರವಾಸೋದ್ಯಮ ನಿಗಮದ ಮಯೂರ ದುರ್ಗ ಇದೆ. ಒಬ್ಬರೇ ಬಂದವರಿಗೆ ಸರ್ಕಾರಿ ಹೋಟೆಲ್ ಒಂದು ಧೈರ್ಯ, ಬೆಳಿಗ್ಗೆ ಎದ್ದು ಕೋಟೆಗೆ ನಡೆದೇ ಹೋಗಬಹುದು. ಅಲ್ಲಿ ಸಿಗದಿದ್ದರೆ ಬಸ್ ಸ್ಟ್ಯಾಂಡ್ ಸುತ್ತ ಮತ್ತು ಬಿ.ಡಿ. ರಸ್ತೆಯಲ್ಲಿ ಲಾಡ್ಜುಗಳಿವೆ. ಆದಷ್ಟು ಮೊದಲನೇ ಮಹಡಿಯ ರೂಮ್ ಕೇಳಿ. ಒಳಗೆ ಹೋದ ತಕ್ಷಣ ಚಿಲಕ ಎರಡೂ ಸರಿ ಇವೆಯಾ, ಬಾತ್‌ರೂಮ್ ಕಿಟಕಿ ಮುಚ್ಚುತ್ತದಾ ನೋಡಿ. ಸರಿ ಇಲ್ಲದಿದ್ದರೆ ರೂಮ್ ಬದಲಿಸಿಕೊಡಿ ಅಂತ ಕೇಳಲು ಸಂಕೋಚ ಬೇಡ.

ನಾಲ್ಕನೇ ಹೆಜ್ಜೆ: ಚೀಲದಲ್ಲಿ ಏನಿರಬೇಕು

ಹೆಗಲಿಗೆ ಹಾಕುವ ಒಂದೇ ಬ್ಯಾಗ್. ಜಿಪ್ ಇರಬೇಕು, ಕೋಟೆಯಲ್ಲಿ ಕೋತಿಗಳು ವಿಪರೀತ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಅವು ಬಂದೇ ಬರುತ್ತವೆ. ಒಂದು ಸಲ ಬಾಳೆಹಣ್ಣಿನ ಕವರ್ ಹಿಡಿದಿದ್ದ ಒಬ್ಬರು ಅಜ್ಜಿ ಕೈಯಿಂದ ಕೋತಿ ಕಿತ್ತುಕೊಂಡಿದ್ದನ್ನು ನೋಡಿದ್ದೇನೆ. ಪಾಪ, ಅವರು ಹೆದರಿ ಕೂತುಬಿಟ್ಟರು. ಕೋತಿ ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ.

ಎರಡು ಲೀಟರ್ ನೀರು, ತಲೆಗೆ ಟೋಪಿ ಇಲ್ಲವೇ ಓಢಣಿ, ಸಣ್ಣ ಟಾರ್ಚ್, ಪವರ್ ಬ್ಯಾಂಕ್, ಓಆರ್‌ಎಸ್ ಒಂದೆರಡು ಪ್ಯಾಕೆಟ್. ಆಧಾರ್ ಕಾರ್ಡ್. ಐನೂರು ರೂಪಾಯಿ ನೋಟು ಒಂದನ್ನು ಪರ್ಸ್ ಬಿಟ್ಟು ಬೇರೆ ಕಡೆ ಇಡಿ. ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಕೆಳಗೆ ಹಿಡಿತ ಇರುವ ಶೂ ಬೇಕು. ಹೊಸ ಶೂ ಅಲ್ಲ, ಪಳಗಿದ್ದು.

ಖರ್ಚಿಗೆ ನಾನು ಎರಡೂವರೆ ಸಾವಿರ ತೆಗೆದಿಡುತ್ತೇನೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ರೂಮಿಗೇ.

ಐದನೇ ಹೆಜ್ಜೆ: ಬಸ್

ರೈಲು ಬೇಡ. ದಾವಣಗೆರೆ ಇರುವುದು ಬೆಂಗಳೂರು–ಹುಬ್ಬಳ್ಳಿ ಲೈನಿನಲ್ಲಿ, ಚಿತ್ರದುರ್ಗ ಇರುವುದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆಗೆ ಹೋಗುವ ಲೈನಿನಲ್ಲಿ. ಸುಮ್ನೆ ಸುತ್ತು. ಬಸ್ ಆದರೆ ನೇರ ರಾಷ್ಟ್ರೀಯ ಹೆದ್ದಾರಿ 48, ಒಂದರಿಂದ ಒಂದೂವರೆ ಗಂಟೆ. ಕೆಎಸ್‌ಆರ್‌ಟಿಸಿ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ, ಮುಂಗಡ ಬುಕಿಂಗ್ ಬೇಕಿಲ್ಲ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಲ್ಲಿ ದುಡ್ಡಿಲ್ಲ, ರಾಜಹಂಸ, ಎಸಿ ಬಸ್‌ಗಳಿಗೆ ಈ ಯೋಜನೆ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಲೇಬೇಕು.

ಹತ್ತುವ ಮುಂಚೆ ಕಂಡಕ್ಟರ್‌ಗೆ ಒಂದು ಮಾತು ಕೇಳಿ: "ಅಣ್ಣಾ, ಊರೊಳಗೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾ, ಬೈಪಾಸಾ?" ದೂರದ ಊರಿನ ಕೆಲವು ಬಸ್ಸುಗಳು ಊರೊಳಗೆ ಹೋಗದೆ ಹೆದ್ದಾರಿಯಲ್ಲೇ ಇಳಿಸಿಬಿಡುತ್ತವೆ.

ಬೆಳಿಗ್ಗೆ ಆರೂವರೆಯ ಸುಮಾರಿಗೆ ಹತ್ತಿ. ಬಲಗಡೆ ಕಿಟಕಿ ಹಿಡಿಯಿರಿ, ಬಿಸಿಲು ಎಡಗಡೆ ಬೀಳುತ್ತದೆ. ಆನಗೋಡು ದಾಟಿ, ಹೆಬ್ಬಾಳು ದಾಟಿ, ಭರಮಸಾಗರ ಬರುತ್ತದೆ. ಆ ಹೆಸರು ನೆನಪಿಟ್ಟುಕೊಳ್ಳಿ, ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರು ಅದು. ನಾವು ದಾವಣಗೆರೆಯವರು ದುರ್ಗವನ್ನು ಬೇರೆ ಊರು ಅಂದುಕೊಳ್ಳುತ್ತೇವೆ, ಆದರೆ 1997ರ ಆಗಸ್ಟ್ 15ರವರೆಗೆ ನಮ್ಮದೂ ಚಿತ್ರದುರ್ಗ ಜಿಲ್ಲೆಯೇ. ನಮ್ಮ ಹಿರಿಯರು ಜಿಲ್ಲಾ ಕಚೇರಿಯ ಕೆಲಸ ಅಂದರೆ ಇದೇ ರಸ್ತೆ ಹಿಡಿಯುತ್ತಿದ್ದರು. ನಮ್ಮಪ್ಪ ಈಗಲೂ "ಜಿಲ್ಲೆಗೆ ಹೋಗ್ತಿದ್ದೀಯಾ" ಅಂತಲೇ ಕೇಳುತ್ತಾರೆ.

ಶನಿವಾರ ಬೆಳಿಗ್ಗೆ: ಮೊದಲು ಚಂದ್ರವಳ್ಳಿ

ಇಳಿದ ತಕ್ಷಣ ಕೋಟೆಗೆ ಓಡಬೇಡಿ. ತಿಂಡಿ ತಿನ್ನಿ, ಬ್ಯಾಗನ್ನು ಲಾಡ್ಜಿನಲ್ಲಿ ಇಡಿ. ರೂಮ್ ಖಾಲಿ ಇಲ್ಲದಿದ್ದರೂ ಬ್ಯಾಗ್ ಇಟ್ಟುಕೊಳ್ಳುತ್ತಾರೆ. ಆಮೇಲೆ ಆಟೊ ಹಿಡಿದು ಚಂದ್ರವಳ್ಳಿಗೆ ಹೋಗಿ. ಊರಿನಿಂದ ಎರಡು ಮೂರು ಕಿಲೋಮೀಟರ್. ವಾಪಸ್ ಬರುವಾಗ ಆಟೊ ಸುಲಭಕ್ಕೆ ಸಿಗುವುದಿಲ್ಲ, ಆದ್ದರಿಂದ ಹೋಗಿಬರುವುದಕ್ಕೆ, ಕಾಯುವುದಕ್ಕೆ ಸೇರಿಸಿ ಮೊದಲೇ ರೇಟ್ ಮಾತಾಡಿ.

ಮೂರು ಗುಡ್ಡಗಳ ನಡುವಿನ ಕಣಿವೆ, ಅದರಲ್ಲಿ ಒಂದು ಕೆರೆ. ನೋಡಲು ಸಣ್ಣ ಜಾಗ. ಆದರೆ ಇಲ್ಲಿ ಮಣ್ಣು ಅಗೆದಾಗ ಶಾತವಾಹನರ ನಾಣ್ಯಗಳು ಸಿಕ್ಕಿವೆ, ರೋಮ್ ದೇಶದ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದರು. ಭೈರವೇಶ್ವರನ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಕೆರೆಯ ವಿಷಯಕ್ಕೆ ಬರೆಸಿದ್ದು. ಅಕ್ಷರ ಸವೆದಿವೆ, ಹುಡುಕಿ ನೋಡಬೇಕು. ಸಾವಿರದ ಆರುನೂರು ವರ್ಷದ ಹಿಂದೆ ಒಬ್ಬ ರಾಜ ಇಲ್ಲಿ ಕಲ್ಲಿನ ಮೇಲೆ ಕೆರೆಯ ಮಾತು ಬರೆಸಿದ ಅಂದರೆ, ಈ ಸೀಮೆಯಲ್ಲಿ ನೀರಿಗೆ ಎಂಥ ಬೆಲೆ ಇತ್ತು ಯೋಚಿಸಿ.

ಅಂಕಲಿ ಮಠ ಅಂತ ಬಂಡೆಯೊಳಗಿನ ಗುಹೆಗಳಿವೆ. ಒಳಗೆ ಕತ್ತಲೆ, ಬಗ್ಗಿ ನಡೆಯಬೇಕು, ಒಂದು ಕೋಣೆಯಿಂದ ಇನ್ನೊಂದಕ್ಕೆ ಇಳಿಯುತ್ತಾ ಹೋಗುತ್ತದೆ. ಇಲ್ಲಿ ನನ್ನ ಖಡಾಖಂಡಿತ ಮಾತು: ಒಬ್ಬರೇ ಒಳಗೆ ಹೋಗಬೇಡಿ, ಟಾರ್ಚ್ ಇದ್ದರೂ. ಯಾವುದಾದರೂ ಕುಟುಂಬ ಬರುವವರೆಗೆ ಹೊರಗೆ ಕೂತಿರಿ. "ನಿಮ್ಮ ಜೊತೆ ಬರ್ಲಾ ಅಕ್ಕಾ?" ಅಂತ ಕೇಳಿ. ಇಲ್ಲ ಅಂದವರನ್ನು ನಾನು ನೋಡಿಲ್ಲ. ಒಂದು ಸಲ ಹೊಳಲ್ಕೆರೆ ಕಡೆಯ ಕುಟುಂಬದ ಜೊತೆ ಒಳಗೆ ಹೋದವಳು, ಹೊರಗೆ ಬಂದ ಮೇಲೆ ಅವರ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಬಂದೆ. ಮಧ್ಯಾಹ್ನದೊಳಗೆ ಚಂದ್ರವಳ್ಳಿ ಮುಗಿಸಿಬಿಡಿ. ಸಂಜೆ ಅಲ್ಲಿ ಜನ ಕಡಿಮೆಯಾಗುತ್ತಾರೆ.

ಬಂದು ಊಟ ಮಾಡಿ. ಖಾನಾವಳಿ ಹುಡುಕಿ ಜೋಳದ ರೊಟ್ಟಿ ಊಟ ಮಾಡಿದರೆ ಒಳ್ಳೆಯದು. ಒಬ್ಬರೇ ಕೂತು ಉಣ್ಣಲು ಮೊದಲ ಸಲ ಮುಜುಗರ ಆಗುತ್ತದೆ. ಫೋನ್ ಹಿಡಿದುಕೊಳ್ಳುವ ಹಂಬಲ ಆಗುತ್ತದೆ. ಬ್ಯಾಗಿನಲ್ಲೇ ಇರಲಿ. ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಊಟ ಮಾಡಿ. ಆಮೇಲೆ ರೂಮಿಗೆ ಹೋಗಿ ಒಂದು ಗಂಟೆ ಮಲಗಿ, ನಿಜವಾಗಿ ಮಲಗಿ.

ಶನಿವಾರ ಮೂರು ಗಂಟೆ: ಕೋಟೆ, ಕೆಳಗಿನ ಅರ್ಧ

ಕೋಟೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ. ಪುರಾತತ್ವ ಇಲಾಖೆಯ ಟಿಕೆಟ್ 25 ರೂಪಾಯಿ. ಎರಡು ದಿನಕ್ಕೆ ಎರಡು ಟಿಕೆಟ್. ಈ ಐವತ್ತು ರೂಪಾಯಿಗೆ ಜಿಪುಣತನ ಮಾಡಬೇಡಿ.

ಮೊದಲ ಸಲ ಹೋಗುವವರು ಶನಿವಾರ ಗೈಡ್ ತೆಗೆದುಕೊಳ್ಳಿ, ಭಾನುವಾರ ಬೇಡ. ಗೇಟಿನ ಹತ್ತಿರವೇ ಸಿಗುತ್ತಾರೆ. ಎಷ್ಟು ಹೊತ್ತು, ಎಷ್ಟು ದುಡ್ಡು, ಎಲ್ಲಿಯವರೆಗೆ ಅಂತ ಮೊದಲೇ ಕೇಳಿ. ಗೈಡ್ ಇಲ್ಲದೆ ಹೋದರೆ ಕಲ್ಲು ಕಾಣುತ್ತದೆ, ಕಥೆ ಕಾಣುವುದಿಲ್ಲ. ಯಾವ ಬಂಡೆ ಆನೆಯ ಹಾಗಿದೆ, ಯಾವುದು ಕಪ್ಪೆಯ ಹಾಗಿದೆ ಅಂತ ತೋರಿಸುತ್ತಾರೆ. ಬಾಗಿಲು ದಾಟಿದ ಮೇಲೆ ದಾರಿ ಯಾಕೆ ಹಾವಿನ ಹಾಗೆ ತಿರುಗುತ್ತದೆ ಅಂತಲೂ ಹೇಳುತ್ತಾರೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ನೇರ ಜಾಗ ಬೇಕು. ಆ ನೇರ ಜಾಗವನ್ನೇ ಇವರು ಕೊಟ್ಟಿಲ್ಲ.

ಏಳು ಸುತ್ತಿನ ಕೋಟೆ ಅನ್ನುತ್ತಾರೆ. ಕೆಳಗಿನ ಸುತ್ತುಗಳು ಈಗ ಊರೊಳಗೆ ಸೇರಿಹೋಗಿವೆ, ಮನೆಗಳ ನಡುವೆ ಗೋಡೆಯ ತುಂಡುಗಳು ಸಿಗುತ್ತವೆ. ಬಾಗಿಲ ಪಕ್ಕದ ಗೋಡೆಯಲ್ಲಿ ನಾಗರ ಕೆತ್ತನೆ ನೋಡಿ. ಮುಂದೆ ಹೋದರೆ ಒಂದು ಗುಂಡಿಯೊಳಗೆ ನಾಲ್ಕು ದೊಡ್ಡ ಬೀಸುವ ಕಲ್ಲುಗಳು. ನಮ್ಮ ಮನೆಯ ಬೀಸುವ ಕಲ್ಲಿನದೇ ಆಕಾರ, ಆದರೆ ಆಳೆತ್ತರ. ಮದ್ದು, ಅಂದರೆ ತೋಪಿನ ಪುಡಿ ಬೀಸುತ್ತಿದ್ದ ಕಲ್ಲುಗಳು ಅವು.

ಹಾಗೇ ಮೇಲೆ ಹೋದರೆ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ ಗುಡಿ, ಸಂಪಿಗೆ ಸಿದ್ಧೇಶ್ವರ. ಭೀಮ ಹಿಡಿಂಬನನ್ನು ಕೊಂದಿದ್ದು ಇಲ್ಲೇ ಅಂತ ಇಲ್ಲಿನವರ ನಂಬಿಕೆ. ಗುಡಿಗಳ ಮುಂದೆ ಎತ್ತರದ ದೀಪದ ಕಂಬ, ಕಲ್ಲಿನ ಉಯ್ಯಾಲೆ ಕಂಬ ಇವೆ. ನಾಲ್ಕೂವರೆಯ ಬಿಸಿಲು ಓರೆಯಾಗಿ ಬಿದ್ದಾಗ ಉಯ್ಯಾಲೆ ಕಂಬದ ನೆರಳು ಬಂಡೆಯ ಮೇಲೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅಲ್ಲಿ ಒಂದು ಅರ್ಧ ಗಂಟೆ ಕೂತುಕೊಳ್ಳಿ. ಯಾರೂ "ನಡಿ ನಡಿ" ಅನ್ನುವುದಿಲ್ಲ. ಒಬ್ಬರೇ ಬಂದಿರುವುದು ಇದಕ್ಕೇ.

ಓಬವ್ವನ ಕಿಂಡಿಯನ್ನು ಶನಿವಾರವೇ ಗೈಡ್ ಜೊತೆ ನೋಡಿ. ಕಥೆ ನಿಮಗೆ ಗೊತ್ತು. ಹೈದರಾಲಿಯ ಸೈನಿಕರು ಬಂಡೆಯ ಸಂದಿಯಿಂದ ಒಬ್ಬೊಬ್ಬರಾಗಿ ತೂರಿ ಬಂದರು. ಕಾವಲುಗಾರ ಕಹಳೆ ಮುದ್ದ ಹನುಮ ಊಟಕ್ಕೆ ಕೂತಿದ್ದ. ಅವನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತಳು. ಶಾಲೆಯಲ್ಲಿ ಹೇಳುವಾಗ ಒನಕೆಯ ಮೇಲೇ ಗಮನ. ಆದರೆ ಅವಳು ಅಲ್ಲಿಗೆ ಬಂದಿದ್ದು ಯಾಕೆ? ನೀರಿಗೆ. ಗಂಡ ಉಣ್ಣುವಾಗ ಕುಡಿಯಲು ನೀರು ತರೋಣ ಅಂತ ಬಂದಳು. ಕಿಂಡಿಯ ಹತ್ತಿರವೇ ತಣ್ಣೀರ ದೋಣಿ ಇದೆ, ಬಂಡೆಯ ನೆರಳಲ್ಲಿ ನೀರು ನಿಲ್ಲುವ ಜಾಗ. ಅದನ್ನು ನೋಡದೆ ಎಷ್ಟೋ ಜನ ಕಿಂಡಿಯ ಫೋಟೊ ಮಾತ್ರ ತೆಗೆದುಕೊಂಡು ಹೋಗಿಬಿಡುತ್ತಾರೆ. ನೀವು ನೋಡಿ.

ಐದೂವರೆಗೆ ಇಳಿಯಲು ಶುರು ಮಾಡಿ. ಕಾವಲುಗಾರರು ಸೀಟಿ ಊದುವವರೆಗೆ ಕಾಯಬೇಡಿ.

ರಾತ್ರಿ

ಏಳರಿಂದ ಹತ್ತು ಗಂಟೆ. ಒಬ್ಬರೇ ಹೋದವರಿಗೆ ಕಷ್ಟದ ಹೊತ್ತು ಇದೇ, ಹಗಲಲ್ಲ. ಹಗಲು ನೋಡಲು ಏನಾದರೂ ಇರುತ್ತದೆ. ರಾತ್ರಿ ಲಾಡ್ಜಿನ ಟ್ಯೂಬ್‌ಲೈಟ್ ಕೆಳಗೆ ಕೂತಾಗ "ಯಾಕಾದರೂ ಬಂದೆನೋ" ಅನ್ನಿಸುತ್ತದೆ. ನನಗೆ ಐದನೇ ಸಲವೂ ಅನ್ನಿಸಿದೆ. ಅನ್ನಿಸಲಿ ಬಿಡಿ. ಎಂಟು ಗಂಟೆಯವರೆಗೆ ಬಿ.ಡಿ. ರಸ್ತೆ, ಗಾಂಧಿ ವೃತ್ತದ ಕಡೆ ಜನರಿರುವಲ್ಲಿ ನಡೆದಾಡಿ. ಮಿರ್ಚಿ ಮಂಡಕ್ಕಿ ತಿನ್ನಿ, ನಮ್ಮೂರಿನ ಹಾಗೇ ಇಲ್ಲೂ ಸಂಜೆ ಗಾಡಿಗಳ ಮುಂದೆ ಜನ ನಿಂತಿರುತ್ತಾರೆ. ನಾಳೆಗೆ ನೀರಿನ ಬಾಟಲಿ, ಬಿಸ್ಕತ್ತು ತೆಗೆದುಕೊಳ್ಳಿ. ಮನೆಗೆ ಫೋನ್ ಮಾಡಿ.

ರೂಮಿಗೆ ಬಂದ ಮೇಲೆ ಬಾಗಿಲು ಹಾಕಿ, ಚಿಲಕ ಹಾಕಿ, ಯಾರು ತಟ್ಟಿದರೂ ಒಳಗಿಂದಲೇ ಮಾತಾಡಿ. ಅನುಮಾನ ಬಂದರೆ ಕೌಂಟರ್‌ಗೆ ಫೋನ್ ಮಾಡಿ, ತೀರಾ ತೊಂದರೆ ಅನ್ನಿಸಿದರೆ ತುರ್ತು ಸಹಾಯದ 112. ನನಗೆ ಇದುವರೆಗೆ ಆ ನಂಬರ್ ಒತ್ತುವ ಪ್ರಸಂಗ ಬಂದಿಲ್ಲ. ಆದರೆ ನಂಬರ್ ಫೋನಿನಲ್ಲಿ ಮೇಲೆಯೇ ಇರಲಿ. ಒಂದು ನೋಟ್‌ಬುಕ್ ಇದ್ದರೆ ಇವತ್ತು ನೋಡಿದ್ದನ್ನು ಬರೆಯಿರಿ. ಐದು ಗಂಟೆಗೆ ಅಲಾರಾಂ ಇಟ್ಟು ಬೇಗ ಮಲಗಿ.

ಭಾನುವಾರ ಬೆಳಿಗ್ಗೆ: ನೀರಿನ ದಾರಿ ಹಿಡಿದು

ಇಡೀ ಪ್ರವಾಸ ನಾನು ಮಾಡುವುದು ಈ ಎರಡು ಮೂರು ಗಂಟೆಗಾಗಿ. ಆರು ಗಂಟೆಗೆ ಗೇಟಿನ ಹತ್ತಿರ ಇರಿ. ಆ ಹೊತ್ತಿಗೆ ವಾಕಿಂಗ್ ಬರುವ ಊರಿನವರು ಸಿಗುತ್ತಾರೆ, ವಯಸ್ಸಾದವರು, ಹೆಂಗಸರು. ಹೆದರುವಂಥದ್ದೇನಿಲ್ಲ. ಅವರಿಗೆ ನಮಸ್ಕಾರ ಹೇಳಿ ಜೊತೆಗೇ ಹತ್ತಿ.

ಮೊದಲು ಮೇಲಕ್ಕೆ, ತುಪ್ಪದ ಕೊಳದ ಬತೇರಿಗೆ, ಅಂದರೆ ಕಾವಲು ಬುರುಜಿಗೆ. ಬಂಡೆಯಲ್ಲಿ ಕಾಲಿಡಲು ಕೊರೆದ ಮೆಟ್ಟಿಲುಗಳಿವೆ, ಕಡಿದಾಗಿವೆ. ಬೆಳಿಗ್ಗೆಯೇ ಯಾಕೆ ಅಂದರೆ ಕಲ್ಲು ತಣ್ಣಗಿರುತ್ತದೆ, ಗಾಳಿ ಹಿತವಾಗಿರುತ್ತದೆ. ಎರಡೂ ಕೈ ಖಾಲಿ ಇರಲಿ, ಫೋನ್ ಜೇಬಿನಲ್ಲಿ. ಹತ್ತುವಾಗ ಧೈರ್ಯವಿರುತ್ತದೆ, ಇಳಿಯುವಾಗ ಭಯವಾಗುತ್ತದೆ. ಇಳಿಯುವಾಗ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಿರಿ. ಇಬ್ಬನಿ ಬಿದ್ದು ಒದ್ದೆಯಾಗಿದ್ದರೆ ಹತ್ತಲೇ ಬೇಡಿ, ಕೆಳಗಿನ ಬಂಡೆಯಿಂದಲೂ ಊರು ಚೆನ್ನಾಗಿಯೇ ಕಾಣುತ್ತದೆ. ಸುತ್ತ ಗುಡ್ಡಗಳು, ಗುಡ್ಡಗಳ ಮೇಲೆ ಗಾಳಿ ಗಿರಣಿಗಳು.

ಅಲ್ಲಿಂದ ಸುತ್ತ ನೋಡಿ. ಒಣ ಸೀಮೆ. ಪಕ್ಕದಲ್ಲಿ ಹರಿಯುವ ಹೊಳೆ ಇಲ್ಲ. ಹಾಗಿದ್ದರೂ ಇಲ್ಲಿ ನಾಯಕರು ಆಳಿದರು, ಹೈದರಾಲಿ ಮತ್ತೆ ಮತ್ತೆ ದಂಡು ತಂದು ಮುತ್ತಿಗೆ ಹಾಕಿದರೂ ತಾಳಿಕೊಂಡರು. ಕೊನೆಗೆ 1779ರಲ್ಲಿ ಕೋಟೆ ಬಿತ್ತು. ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಅಷ್ಟು ವರ್ಷ ತಾಳಿದ್ದು ಕಲ್ಲಿನಿಂದ ಅಂತ ಎಲ್ಲರೂ ಹೇಳುತ್ತಾರೆ. ಕಲ್ಲಿನಷ್ಟೇ ಪಾಲು ನೀರಿನದು ಅಂತ ನನಗನ್ನಿಸುತ್ತದೆ.

ಈಗ ಇಳಿಯಲು ಶುರು ಮಾಡಿ, ಮಳೆನೀರು ಇಳಿಯುವ ಹಾಗೆ. ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಕೋಡಿ ಬಿದ್ದರೆ ನೀರು ಹೋಗುವುದು ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಇನ್ನೂ ಕೆಳಗೆ ಸಿಹಿನೀರು ಹೊಂಡ. ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದು ಹನಿಯೂ ಸುಮ್ನೆ ಊರು ಬಿಟ್ಟು ಹೋಗದ ಹಾಗೆ ಜೋಡಿಸಿದ ಸರಪಳಿ.

ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಕೂತು ಬಿಸ್ಕತ್ತು ತಿನ್ನಿ, ಕವರ್ ಬ್ಯಾಗಿಗೆ ಹಾಕಿಕೊಳ್ಳಿ. ನೀರಿಗೆ ಇಳಿಯಬೇಡಿ, ಪಾಚಿ ಇರುತ್ತದೆ, ಆಳ ತಿಳಿಯುವುದಿಲ್ಲ. ಪಾಳೆಯಗಾರರ ಕಾಲದ ಮಣ್ಣಿನ ಗೋಡೆಗಳೂ ಕೋಟೆಯೊಳಗೆ ಇನ್ನೂ ನಿಂತಿವೆ. ಅಷ್ಟು ಮಳೆ ಬಿಸಿಲು ಕಂಡ ಮಣ್ಣು. ಮುಟ್ಟಬೇಡಿ, ಒರಗಬೇಡಿ, ಅದರ ಮೇಲೆ ಹೆಸರು ಗೀಚಿದವರನ್ನು ಕಂಡರೆ ಒಂದು ಮಾತು ಹೇಳಿ. ನಾನು ಹೇಳುತ್ತೇನೆ. ಕೆಲವರು ಬೈಯುತ್ತಾರೆ, ಕೆಲವರು ನಿಲ್ಲಿಸುತ್ತಾರೆ.

ಮುಖ್ಯ ದಾರಿ ಬಿಟ್ಟು ಬತೇರಿಗಳ ಹಿಂದೆ, ಬಂಡೆಗಳ ಸಂದಿಗೆ ಒಬ್ಬರೇ ನುಗ್ಗಬೇಡಿ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟ್ ಹಾಕಿಕೊಂಡು ಹೋಗಬೇಡಿ, ಗೂಡಿನ ಕೆಳಗೆ ಗದ್ದಲ ಮಾಡಬೇಡಿ.

ಗೇಟು ದಾಟಿ ಹೊರಗೆ ಬಂದ ಮೇಲೂ ನೀರಿನ ದಾರಿ ಬಿಡಬೇಡಿ. ಕೇಳಿಕೊಂಡು ಸಂತೆ ಹೊಂಡದವರೆಗೆ ನಡೆಯಿರಿ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದೊಡ್ಡ ಹೊಂಡ, ಸುತ್ತ ಊರಿನ ಗದ್ದಲ. ಮೇಲೆ ಬೆಳಿಗ್ಗೆ ನೋಡಿದ ಬಂಡೆಯಿಂದ ಇಳಿದ ಮಳೆಯ ಕೊನೆಯ ಮನೆ ಇದು. ಅಲ್ಲಿ ನಿಂತಾಗ ಎರಡು ದಿನ ನಡೆದಿದ್ದೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತದೆ.

ಸಮಯ ಉಳಿದರೆ, ಮತ್ತು ಉಳಿದರೂ ಬೇಡವಾದದ್ದು

ರಂಗಯ್ಯನ ಬಾಗಿಲ ಹತ್ತಿರ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ. ಮುಕ್ಕಾಲು ಗಂಟೆ ಸಾಕು. ಕೋಟೆ ನೋಡಿದ ಮೇಲೆ ಹೋದರೆ ಅಲ್ಲಿನ ಆಯುಧ, ವಿಗ್ರಹಗಳಿಗೆ ಅರ್ಥ ಬರುತ್ತದೆ.

ಜೋಗಿಮಟ್ಟಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಚೆಂದದ ಜಾಗ, ಮಂಜು, ಗಾಳಿ. ಆದರೆ ಅದು ಕಾಡು, ಚಿರತೆ ಕರಡಿ ಇರುವ ವನ್ಯಧಾಮ. ಒಬ್ಬರೇ ಹೋಗುವ ಜಾಗವಲ್ಲ. ಗೆಳೆಯರ ಜೊತೆ ಅರಣ್ಯ ಇಲಾಖೆಯ ಅನುಮತಿ ಪಡೆದು ಇನ್ನೊಮ್ಮೆ ಹೋಗಿ. ಹಿರಿಯೂರಿನ ಹತ್ತಿರದ ಮಾರಿಕಣಿವೆಯೂ ಹಾಗೇ, 1907ರಲ್ಲಿ ಮುಗಿದ ಆ ಅಣೆಕಟ್ಟಿಗೆ ಬೇರೆಯೇ ಒಂದು ದಿನ ಬೇಕು. ಈ ಎರಡು ದಿನದೊಳಗೆ ತುರುಕಿದರೆ ಮತ್ತೆ ಅದೇ ಶಾಲಾ ಪ್ರವಾಸವಾಗುತ್ತದೆ.

ವಾಪಸ್

ರೂಮ್ ಬಿಡುವ ಸಮಯವನ್ನು ಶನಿವಾರವೇ ಕೇಳಿಟ್ಟುಕೊಳ್ಳಿ. ಕೆಲವು ಲಾಡ್ಜುಗಳಲ್ಲಿ ಇಪ್ಪತ್ತನಾಲ್ಕು ಗಂಟೆ ಲೆಕ್ಕ, ಕೆಲವು ಕಡೆ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕು. ಸ್ನಾನ ಮಾಡಿ, ಊಟ ಮುಗಿಸಿ, ಎರಡು ಗಂಟೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿರಿ. ನಾಲ್ಕು ಗಂಟೆ ಮೇಲೆ ಸೋಮವಾರದ ಕಾಲೇಜಿಗೆ, ಕೆಲಸಕ್ಕೆ ಮರಳುವವರೆಲ್ಲ ಬರುತ್ತಾರೆ, ನಿಂತು ಬರಬೇಕಾಗುತ್ತದೆ. ಕೋಟೆ ಹತ್ತಿಳಿದ ಕಾಲಿಗೆ ಅದು ಆಗದು.

ಹತ್ತಿದ ಮೇಲೆ ಅವ್ವನಿಗೆ ಒಂದು ಫೋನ್: "ಬಸ್ ಹತ್ತಿದೆ, ನಾಲ್ಕು ಗಂಟೆಗೆ ಮನೆಯಲ್ಲಿರ್ತೀನಿ." ಮತ್ತೆ ಬಲಗಡೆ ಕಿಟಕಿಯೇ ಹಿಡಿಯಿರಿ. ಈಗಲೂ ಬಿಸಿಲು ಎಡಗಡೆಗೇ ಬೀಳುತ್ತದೆ.